ಬೆನ್ನಿಗಿಟ್ಟುಕೊಂಡ ಸಪ್ಪಳ

ಕೆಂಚನಗುಡ್ಡದ ಕೆಳಗೆ ತುಂಗಭದ್ರೆ ಎರಡು ಕವಲಾಗಿ ಹರಿಯುವಲ್ಲಿ ಒಂದು ನಡುಗಡ್ಡೆ. ಮೂರೆಕರೆ ಮೆಣಸಿನಕಾಯಿ, ಒಂದಿಷ್ಟು ಹಸಿಮೇವು, ಆರು ಎಮ್ಮೆ, ಒಂದು ಗುಡಿಸಲು. ಹೊಲ, ಎಮ್ಮೆ ಎಲ್ಲ ದಂಡೆಯ ಮೇಲಿನ ಚನ್ನಬಸವರಾಜ ಗೌಡರವು. ದುಡಿಮೆ ಮಾತ್ರ ಹಂಪಮ್ಮ ಮತ್ತು ಅವಳ ಗಂಡ ದೊಡ್ಡಬಸಪ್ಪನದು. ಇಪ್ಪತ್ತೆರಡು ವರ್ಷ ಹೀಗೇ ನಡೆಯಿತು. ಬಳ್ಳಾರಿ ಸೀಮೆಯೆಂದರೆ ಬರೀ ಬಿಸಿಲು ಎನ್ನುವವರು ಪುಷ್ಯ ಮಾಸದಲ್ಲಿ ಒಂದು ಬೆಳಗು ಅಲ್ಲಿ ಕೂತು ಎಮ್ಮೆ ಕರೆದು ನೋಡಬೇಕು. ನೀರಿನಿಂದೆದ್ದ ಮಂಜು ಗುಡಿಸಲಿನ ಸೂರು ಮುಟ್ಟುತ್ತದೆ, ಕೈಯಲ್ಲಿ ಹಿಡಿದ ಚರಿಗೆ ಕಾಣುವುದಿಲ್ಲ. ಗೌಡರ ಮಗಳು ರಶ್ಮಿ ಒಮ್ಮೆ ಮೊಬೈಲಿನಲ್ಲಿ ಯಾವುದೋ ದೇಶದ ಹಿಮ ಬಿದ್ದ ನಡುಗಡ್ಡೆ ತೋರಿಸಿ, “ನಿಮ್ದೂ ಹಿಂಗ ಐತಿ ನೋಡು ಹಂಪಮ್ಮ, ಎಷ್ಟ್ ಚೆಂದ!” ಎಂದಿದ್ದಳು. ಚೆಂದವಂತೆ! ಶಾಲು ಹೊದ್ದು ಚಹಾ ಕುಡಿಯುವವರಿಗೆ ಯಾವುದು ಚೆಂದವಲ್ಲ?

ಮಂಜಿನಲ್ಲಿ ಹೊಳೆ ದಾಟುವುದಕ್ಕೆ ಒಂದು ಪದ್ಧತಿ ಇತ್ತು. ನಡುಗಡ್ಡೆಯ ಬೇವಿನ ಮರಕ್ಕೊಂದು, ಗೌಡರ ಅಂಗಳದಲ್ಲೊಂದು, ಟ್ರ್ಯಾಕ್ಟರ್ ನೇಗಿಲಿನ ಹಳೆಯ ಕಬ್ಬಿಣದ ಡಿಸ್ಕು ತೂಗುಹಾಕಿದ್ದರು. ದೊಡ್ಡಬಸಪ್ಪ ಗೌಡರನ್ನು ನಡುಗಡ್ಡೆಗೆ ಕರೆತರುವಾಗ ಹಂಪಮ್ಮ ಡಿಸ್ಕು ಬಾರಿಸಬೇಕು. ಹರಿಗೋಲು ದಡಕ್ಕೆ ತಾಗುವ ತನಕ ಕೈ ನಿಲ್ಲಿಸುವಂತಿಲ್ಲ. ಹಂಪಮ್ಮ ಹಾಲು ಒಯ್ಯುವಾಗ ಮಾತ್ರ ಆಚೆ ಯಾರೂ ಬಾರಿಸುತ್ತಿರಲಿಲ್ಲ. ಆಳಿಗಾಗಿ ಬೆಚ್ಚನೆಯ ಹಾಸಿಗೆ ಬಿಟ್ಟು ಏಳುವವರು ಯಾರು? ಅದಕ್ಕೇ ದೊಡ್ಡಬಸಪ್ಪ ಈಚೆಯಿಂದಲೇ ಬಾರಿಸುತ್ತಿದ್ದ. ಸಪ್ಪಳ ಬೆನ್ನಿಗಿದ್ದರೆ ದಂಡೆ ಎದುರಿಗಿದೆ ಎಂದೇ ಗುರುತು. ದಂಡೆ ಹತ್ತಿರವಾದಾಗ ಅವಳು, “ಓ... ಗೌಡ್ರಾ...” ಎಂದು ಕೂಗುತ್ತಿದ್ದಳು, ಹಾಲಿನ ಕ್ಯಾನು ಇಳಿಸಿಕೊಳ್ಳಲು ಯಾರಾದರೂ ಬರಲಿ ಎಂದು.

ಹೋದ ಚಳಿಗಾಲದ ಒಂದು ಬೆಳಗು ದೊಡ್ಡಬಸಪ್ಪ ಎದೆ ಹಿಡಿದುಕೊಂಡು ಮೇವಿನ ಮೇಲೆ ಕುಸಿದ. ನಡುಗಡ್ಡೆಗೆ ಕರೆಂಟಿಲ್ಲ, ಫೋನು ಚಾರ್ಜಿಗೆಂದು ಗೌಡರ ಮನೆಯಲ್ಲಿತ್ತು. ದಂಡೆ ಮುಟ್ಟಿದರೆ ಸಿರುಗುಪ್ಪದ ಆಸ್ಪತ್ರೆಗೆ ಗೌಡರ ಕಾರಿದೆ ಎಂದು ಹಂಪಮ್ಮ ಅವನನ್ನು ಎಳೆದು ಹರಿಗೋಲಿಗೆ ಹಾಕಿ ಹುಟ್ಟು ಹಿಡಿದಳು. ಅರ್ಧ ದಾರಿಯಲ್ಲಿ ಬೆನ್ನಿಗೆ ಸಪ್ಪಳವಿಲ್ಲದ್ದು ಅವಳ ಅರಿವಿಗೆ ಬಂತು. ಬಾರಿಸುವವನು ಹರಿಗೋಲಿನಲ್ಲೇ ಮಲಗಿದ್ದ. ಎತ್ತ ನೋಡಿದರೂ ಬೆಳ್ಳಗೆ. ಗಂಟಲು ಹರಿಯುವಂತೆ ಗೌಡರನ್ನು ಕೂಗಿದಳು, ಕೂಗುತ್ತಲೇ ಇದ್ದಳು. ಬಿಸಿಲೇರಿ ಮಂಜು ಕರಗಿದಾಗ ಹರಿಗೋಲು ಒಂದು ಮೈಲಿ ಕೆಳಗೆ ಬಂಡೆಗೆ ಆತು ನಿಂತಿತ್ತು, ದೊಡ್ಡಬಸಪ್ಪನ ಕೈ ತಣ್ಣಗಾಗಿತ್ತು.

ಮಗಳು ಜಯಶ್ರೀ ಗಂಡನ ಮನೆ ರೂಪನಗುಡಿಯಿಂದ ಬಂದು ಅತ್ತು ಕರೆದಳು. “ಇನ್ನ ಅಲ್ಲೇನೈತಿ ಯವ್ವಾ? ನಮ್ಮನಿಗೆ ಬಾ.”

ಹಂಪಮ್ಮ ಹೋಗಲಿಲ್ಲ. ಗೌಡರಿಗೆ ತನ್ನ ಕೂಗು ಕೇಳಿಸಿರಲಿಕ್ಕಿಲ್ಲ ಎಂದು ಅವಳು ನಂಬಿದ್ದಳು. ಮಂಜು ದಟ್ಟವಾಗಿತ್ತು, ಗಾಳಿ ಬೇರೆ ಕಡೆಗಿತ್ತು, ಕೇಳಿಸಿದ್ದರೆ ಸುಮ್ಮನಿರುತ್ತಿದ್ದರೇ? ಈ ನಂಬಿಕೆಯೂ ಹೋದರೆ ಇಷ್ಟು ವರ್ಷ ಅವರ ಮನೆಗೆ ಜೀವ ತೇದದ್ದಕ್ಕೆ ಏನರ್ಥ? ಗೌಡರೋ, ಇದ್ದ ಒಂದೇ ಹರಿಗೋಲನ್ನು ದಂಡೆಗೆ ತರಿಸಿಕೊಂಡು, “ನಿನಗ್ಯಾಕ ತ್ರಾಸು, ನಾನ ಬಂದು ಹಾಲು ಒಯ್ತೀನಿ” ಎಂದು ದೊಡ್ಡ ಉಪಕಾರ ಮಾಡಿದವರಂತೆ ಹೇಳಿದರು. ಎಮ್ಮೆಗಳ ಜೊತೆ ಅವಳೂ ನೀರಿನ ನಡುವೆ ಉಳಿದಳು.

ಈ ವರ್ಷದ ಮೊದಲ ಮಂಜು ಬಿದ್ದ ದಿನ ಆಚೆಯಿಂದ ಗೌಡರ ಕೂಗು ಕೇಳಿತು. ಹಂಪಮ್ಮ ಡಿಸ್ಕು ಬಾರಿಸಿದಳು, ಹರಿಗೋಲು ದಡಕ್ಕೆ ತಾಗುವ ತನಕ. ಅವರು ಇಳಿದು ಮೈ ಕೊಡವಿಕೊಂಡ ಮೇಲೆ ವರ್ಷದಿಂದ ಬಾಯಲ್ಲೇ ಇದ್ದ ಮಾತು ಹೊರಬಿತ್ತು.

“ಗೌಡ್ರ, ಆವತ್ತು ನಾ ಕೂಗಿದ್ದು ನಿಮಗ ಕೇಳಿಸಿತ್ತೇನ್ರಿ?”

“ಕೇಳಿಸಿತ್ತವ್ವ, ಸುಳ್ಯಾಕ ಹೇಳ್ಲಿ? ದಿನಾ ಕೂಗ್ತಿದ್ದೆಲ್ಲ, ಹಾಲಿನ ಕೂಗು ಅಂದ್ಕಂಡೆ. ಇವತ್ತು ಯಾಕೋ ಬಾಳ ಹೊತ್ತು ಕೂಗಾಕತ್ಯಾಳ ಅಂತ ನನ್ನ ಹೆಂಡ್ತಿ ದಾಕ್ಷಾಯಣಿನೂ ಅಂದ್ಲು. ಚಳಿ ಬಾಳ ಇತ್ತು, ಯಾರು ಏಳ್ತಾರ?”

ಇಷ್ಟು ಹೇಳಿ ಅವರು ಎಮ್ಮೆಗಳ ಕಡೆ ನಡೆದರು. ಹಂಪಮ್ಮ ಅಳಲಿಲ್ಲ. ಗುಡಿಸಲಿಗೆ ಹೋಗಿ ಎರಡು ಸೀರೆ, ಗಂಡನ ಟವೆಲು ಗಂಟು ಕಟ್ಟಿಕೊಂಡು ಬಂದು ಹರಿಗೋಲು ಹತ್ತಿದಳು. ಗೌಡರು ತಿರುಗಿ ನೋಡುವಷ್ಟರಲ್ಲಿ ಅದು ದಡ ಬಿಟ್ಟಿತ್ತು.

“ಲೇ ಹಂಪಮ್ಮ, ಎಲ್ಲಿಗೆ ಹೊಂಟಿ? ಇರೋದು ಅದೊಂದ ಹರಿಗೋಲು!”

ಅವಳು ನಾಲ್ಕು ಸಲ ಹುಟ್ಟು ಹಾಕುವಷ್ಟರಲ್ಲಿ ನಡುಗಡ್ಡೆ ಮಂಜಿನಲ್ಲಿ ಮರೆಯಾಯಿತು. ಆಗ ಹಿಂದಿನಿಂದ ಡಿಸ್ಕಿನ ಸಪ್ಪಳ ಕೇಳತೊಡಗಿತು. ಅವಳು ತಿರುಗಿ ಬರಲೆಂದು ಗೌಡರು ಕೈ ನಿಲ್ಲಿಸದೆ ಬಾರಿಸುತ್ತಿದ್ದರು. ಇಪ್ಪತ್ಮೂರನೆಯ ವರ್ಷಕ್ಕೆ, ಕೊನೆಗೂ ಅವಳಿಗಾಗಿ ಅವರ ಕೈ ಎದ್ದಿತ್ತು. ಹಂಪಮ್ಮ ಆ ಸಪ್ಪಳವನ್ನು ಬೆನ್ನಿಗಿಟ್ಟುಕೊಂಡು, ದಿಕ್ಕು ತಪ್ಪದೆ, ನೆಟ್ಟಗೆ ದಂಡೆ ಮುಟ್ಟಿದಳು.

ಅಂಗಳದಲ್ಲಿ ದಾಕ್ಷಾಯಣಿ ಶಾಲು ಹೊದ್ದು ನಿಂತಿದ್ದರು. “ಒಬ್ಬಾಕೇ ಬಂದ್ಯಾ? ಆಕಡೆ ಯಾಕ ಹಂಗ ಡಿಸ್ಕು ಬಾರಿಸಾಕತ್ತಾರ?”

“ನಿಮಗ ಕೇಳಾಕತ್ತೈತೇನ್ರಿ ಅಮ್ಮಾರ?” ಎಂದಳು ಹಂಪಮ್ಮ. “ಚಳಿ ಬಾಳ ಐತಿ, ಒಳಗ ಹೋಗ್ರಿ.”

ಗಂಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಅವಳು ಸಿರುಗುಪ್ಪದ ಬಸ್ಸು ನಿಲ್ಲುವ ಕಡೆ ನಡೆದಳು.