ಎದುರಾಳಿಯ ಮಾತು ಮೊದಲು

ನಾನು ಪಿಎಚ್‌ಡಿ ಮಾಡಿದ್ದು ಯುರೋಪಿನ ಮಧ್ಯಯುಗದ ಕ್ರೈಸ್ತ ಸನ್ಯಾಸಿಗಳ ತರ್ಕಶಾಸ್ತ್ರದ ಮೇಲೆ. ಬೂದಿಕೋಟೆ ಪಕ್ಕದ ನಮ್ಮೂರಿನಲ್ಲಿ ಇದನ್ನು ಹೇಳಿದರೆ ಜನ ಇವತ್ತಿಗೂ ಒಂದು ಗಳಿಗೆ ನನ್ನ ಮುಖ ನೋಡಿ, ಆಮೇಲೆ ಮಳೆ ವಿಷಯ ತೆಗೆಯುತ್ತಾರೆ. ಅಪ್ಪ ಬಂಗಾರಪೇಟೆಯಲ್ಲಿ ಗಾರೆ ಕೆಲಸಕ್ಕೆ ಹೋಗುತ್ತಿದ್ದರು. ಅಮ್ಮ ಎರಡು ಸೀಮೆಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುತ್ತಿದ್ದಳು. ನಾನು ದಿನವೂ ಬಸ್ಸು ಹಿಡಿದು ಬಂಗಾರಪೇಟೆಗೆ, ಅಲ್ಲಿಂದ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ತತ್ವಶಾಸ್ತ್ರ ಓದಿದೆ.

ಎಂ.ಎ. ಮೊದಲ ವರ್ಷದ ಸೆಮಿನಾರಿನಲ್ಲಿ ನನಗೆ ಸಿಕ್ಕ ವಿಷಯ ಅನುಮಾನ ಪ್ರಮಾಣ. ಬೆಟ್ಟದ ಮೇಲೆ ಬೆಂಕಿ ಇದೆ, ಯಾಕೆಂದರೆ ಹೊಗೆ ಕಾಣುತ್ತಿದೆ ಎನ್ನುವ ಹಳೆಯ ಉದಾಹರಣೆ. ನಾನು ಎದ್ದು ನಿಂತು 'ಹೊಗೆಯೇ ಇಲ್ಲಿ ಹೇತು' ಎನ್ನಬೇಕಾಗಿತ್ತು. ನಮ್ಮ ಕಡೆಯ ನಾಲಿಗೆಯಲ್ಲಿ ಹ ನಿಲ್ಲುವುದಿಲ್ಲ. 'ಒಗೆಯೇ ಏತು' ಎಂದುಬಿಟ್ಟೆ. ಹಿಂದಿನ ಬೆಂಚಿನವರು ನಕ್ಕರು. ನಾನು ತಿದ್ದಿಕೊಳ್ಳಲು ಹೋದಷ್ಟೂ ಹ ಬೇಡದ ಕಡೆಯೆಲ್ಲ ಬಂತು. ಅರ್ಧಕ್ಕೇ ಕೂತುಕೊಂಡೆ. ಆ ವಾರವೇ, ಯಾರೂ ಮುಟ್ಟದ ವಿಷಯವನ್ನೇ ಓದುತ್ತೇನೆ ಎಂದು ಹಟ ಬಂದು ಮಧ್ಯಯುಗದ ತರ್ಕವನ್ನು ಆರಿಸಿಕೊಂಡೆ. ಗೈಡ್ ಮೇಡಂ ಬೇಡವೆನ್ನಲಿಲ್ಲ. 'ಲ್ಯಾಟಿನ್ ಬರದೆ ಇದು ಆಗೋದಿಲ್ಲ' ಎಂದಷ್ಟೇ ಹೇಳಿದರು.

ಹಾಗಾಗಿ ಬೆಳಗಿನ ರೈಲಿನಲ್ಲಿ ಜೆರಾಕ್ಸ್ ಮಾಡಿಸಿದ ವ್ಯಾಕರಣ ಹಿಡಿದು ಕೂರತೊಡಗಿದೆ. ಒಂದು ದಿನ ಗುಲಾಬಿ ಎನ್ನುವ ಪದದ ವಿಭಕ್ತಿಗಳನ್ನು ಬಾಯಿಪಾಠ ಮಾಡುತ್ತಿದ್ದೆ. ರೋಸಾ, ರೋಸೇ, ರೋಸಾಮ್. ಎದುರಿನ ಸೀಟಿನಲ್ಲಿ ಬಿಳಿ ಶರ್ಟಿನ ಮುದುಕರೊಬ್ಬರು ಕಣ್ಣು ಮುಚ್ಚಿ ಕೂತಿದ್ದರು. ಕಣ್ಣು ತೆರೆಯದೆಯೇ ಹೇಳಿದರು: 'ರೋಸೇ ಎರಡು ಸಲ ಬರ್ಬೇಕು ಮಾ. ಷಷ್ಠಿಗೆ ಒಂದು, ಚತುರ್ಥಿಗೆ ಒಂದು. ನೀನು ಒಂದನ್ನ ನುಂಗಿಬಿಟ್ಟೆ.'

ಅವರು ಹತ್ತಿದ್ದು ಕೆಜಿಎಫ್‌ನ ಮಾರಿಕುಪ್ಪಂನಲ್ಲಿ, ಹೊರಟಿದ್ದು ಬೆಂಗಳೂರಿನ ಕಣ್ಣಾಸ್ಪತ್ರೆಗೆ. ಕಂಟೋನ್ಮೆಂಟ್ ಬರುವಷ್ಟರಲ್ಲಿ ಅವರ ಕಥೆ ತಿಳಿಯಿತು. ಹುಡುಗರಾಗಿದ್ದಾಗ ಪಾದ್ರಿಯಾಗಬೇಕೆಂದು ಗುರುಮಠ ಸೇರಿ ಮೂರು ವರ್ಷ ಲ್ಯಾಟಿನ್ನು, ತರ್ಕ, ದೇವತಾಶಾಸ್ತ್ರ ಓದಿದ್ದರು. ಅಷ್ಟರಲ್ಲಿ ಚಿನ್ನದ ಗಣಿಯಲ್ಲಿದ್ದ ಅಪ್ಪ ತೀರಿಕೊಂಡರು. ಮನೆಯಲ್ಲಿ ಮದುವೆಯಾಗದ ತಂಗಿಯರು. ಓದು ಬಿಟ್ಟು ಬಂದು ಅಪ್ಪನ ಕೆಲಸಕ್ಕೇ ಸೇರಿದರು. ಸುರಂಗದ ಚಾವಣಿ ಕುಸಿಯದಂತೆ ಮರದ ದಿಮ್ಮಿ ನಿಲ್ಲಿಸುವ ಕೆಲಸ. ಗಣಿ ಮುಚ್ಚುವವರೆಗೂ ಅದನ್ನೇ ಮಾಡಿದರು.

'ಇನ್ನೂ ನೆನಪಿದೆಯಾ ತಾತ?' ಎಂದೆ.

'ಕೆಳಗೆ ಇಳಿಯೋವಾಗ ದಿನಾ ಒಂದು ಪಾಠ ಮನಸ್ಸಲ್ಲೇ ಹೇಳ್ಕೊತಿದ್ದೆ. ಅಲ್ಲಿ ಕೇಳೋರು ಯಾರೂ ಇರ್ಲಿಲ್ಲೆ. ಹಾಗಾಗಿ ತಪ್ಪು ಅನ್ನೋರೂ ಇರ್ಲಿಲ್ಲೆ,' ಎಂದರು.

ಆಮೇಲೆ ಭಾನುವಾರಗಳೆಲ್ಲ ಅವರ ಮನೆಯಲ್ಲಿ ಕಳೆದವು. ಅವರು ಚರ್ಚಿನ ಪೂಜೆ ಮುಗಿಸಿ ಬರುವ ಹೊತ್ತಿಗೆ ನಾನು ಅವರ ಕ್ವಾರ್ಟರ್ಸಿನ ಜಗಲಿಯಲ್ಲಿ ಕಾಯುತ್ತಿರುತ್ತಿದ್ದೆ. ಅವರ ಹೆಂಡತಿ, ನನಗೆ ಅಜ್ಜಿ, ಚಹಾ ಕೊಡುತ್ತಿದ್ದರು. ಪಾಠ ತಮಿಳಿನಲ್ಲಿ ಶುರುವಾಗಿ ಕನ್ನಡಕ್ಕೆ ಹೊರಳಿ, ಅರ್ಥವಾಗದಿದ್ದರೆ ತೆಲುಗಿಗೂ ಹೋಗಿ ಬರುತ್ತಿತ್ತು. ಸೆಮಿನಾರಿನ ಅವಮಾನ ಹೇಳಿಕೊಂಡಾಗ ಅವರು ನಗಲಿಲ್ಲ. ಹಳೇ ಹಸ್ತಪ್ರತಿಗಳ ಲ್ಯಾಟಿನ್ನಿನಲ್ಲೂ ಹ ಎಷ್ಟೋ ಕಡೆ ಬಿದ್ದುಹೋಗಿದೆ, ಬೇಡದ ಕಡೆ ಸೇರಿಕೊಂಡಿದೆ ಎಂದರು. 'ಅದನ್ನ ಬರೆದೋರು ದೊಡ್ಡ ದೊಡ್ಡ ಪಂಡಿತ್ರು ಮಾ. ಅವರ ವಾದ ಗಟ್ಟಿ ಇತ್ತು, ಸಾಕು.' ಅವತ್ತಿನಿಂದ ನಾನು ಹಕಾರದ ಬಗ್ಗೆ ತಲೆ ಕೆಡಿಸಿಕೊಳ್ಳುವುದನ್ನು ಬಿಟ್ಟೆ.

ಅವರು ಕಲಿಸಿದ್ದರಲ್ಲಿ ದೊಡ್ಡದು ವಾದ ಮಾಡುವ ಕ್ರಮ. ಮಧ್ಯಯುಗದ ವಿದ್ಯಾಪೀಠಗಳಲ್ಲಿ ಪ್ರಶ್ನೆಯೊಂದನ್ನು ಎತ್ತಿಕೊಂಡರೆ ನಿನ್ನ ಉತ್ತರ ಹೇಳುವ ಮೊದಲು ಅದಕ್ಕೆ ವಿರುದ್ಧವಾದದ್ದನ್ನೆಲ್ಲ ಹೇಳಬೇಕು. ನಮ್ಮವರ ಪೂರ್ವಪಕ್ಷದ ಹಾಗೆಯೇ. ತಾತ ಇದಕ್ಕೆ ಒಂದು ಬಿಗಿ ನಿಯಮ ಹಾಕಿದ್ದರು: ಎದುರಿನವರ ಮಾತನ್ನು ನೀನು ತಿರುಗಿಸಿ ಹೇಳಿದಾಗ 'ಹೌದು, ನಾನು ಹೇಳಿದ್ದು ಇದೇ' ಎಂದು ಅವರು ಒಪ್ಪಬೇಕು. ಅಲ್ಲಿಯವರೆಗೆ ಉತ್ತರ ಕೊಡುವ ಹಕ್ಕು ನಿನಗಿಲ್ಲ. ನಾನು ಅವರ ಮಾತನ್ನು ಸ್ವಲ್ಪ ಸಡಿಲ ಮಾಡಿ ಹೇಳಿದರೂ 'ಇಲ್ಲೆ, ನಾನು ಹಾಗೆ ಹೇಳ್ಲಿಲ್ಲೆ' ಎಂದು ತಲೆಯಾಡಿಸುವರು.

ಒಂದು ಭಾನುವಾರ ಅವರೇ ಪ್ರಶ್ನೆ ಆರಿಸಿದರು. ಗಣಿ ಮುಚ್ಚಿದ್ದು ಸರಿಯೋ ತಪ್ಪೋ. ನನಗೆ ಕಸಿವಿಸಿಯಾಯಿತು. ಅವರ ಬದುಕನ್ನೇ ಕಿತ್ತ ವಿಷಯ ಅದು. ಮುಚ್ಚಿದ್ದು ತಪ್ಪು ಎನ್ನುವುದು ಅವರ ಪಕ್ಷ. ಆದರೆ ನಿಯಮದ ಪ್ರಕಾರ ಮೊದಲು ಸರಿ ಎನ್ನುವ ಪಕ್ಷವನ್ನು ಅವರು ಮಂಡಿಸಬೇಕು. ಮಂಡಿಸಿದರು. ಅದಿರು ಎಷ್ಟು ಆಳಕ್ಕೆ ಇಳಿದಿತ್ತು, ಕೆಳಗಿನ ಶಾಖ ಹೇಗಿತ್ತು, ಬಂಡೆ ಸಿಡಿದು ಯಾರ್ಯಾರು ಹೋದರು, ಇನ್ನೊಂದು ತಲೆಮಾರನ್ನು ಅಲ್ಲಿಗೆ ಇಳಿಸುವುದು ನ್ಯಾಯವೇ ಎಂದು ಒಂದೊಂದಾಗಿ ಇಟ್ಟರು. ದನಿ ಏರಲಿಲ್ಲ. ಒಳಗಿನಿಂದ ಅಜ್ಜಿ ತಮಿಳಿನಲ್ಲಿ ಬೈದರು, ಯಾರ ಕಡೆ ಮಾತಾಡ್ತಿದೀಯ ನೀನು ಎಂದು. ಪಕ್ಕದ ಮನೆಯವರು ಬಂದು ನಿಂತರು.

ಮುಗಿದ ಮೇಲೆ ನಾನು ಕೇಳಿದೆ, 'ಇದಕ್ಕೆ ನಿಮ್ಮ ಉತ್ತರ ಏನು ತಾತ?'

'ಅರ್ಧಕ್ಕೆ ಉತ್ತರ ಇದೆ. ಇನ್ನರ್ಧಕ್ಕೆ ಇಲ್ಲೆ,' ಎಂದರು.

ಅವತ್ತು ಸಂಜೆ ರೈಲಿನಲ್ಲಿ ವಾಪಸ್ಸು ಬರುವಾಗ, ನನ್ನ ಮೇಷ್ಟ್ರು ಎಂಥವರು ಎಂದು ಯಾರಿಗಾದರೂ ಹೇಳಬೇಕೆನಿಸಿತು. ಪಕ್ಕದಲ್ಲಿ ಕೂತಿದ್ದ ಹೂವಿನ ಬುಟ್ಟಿಯ ಹೆಂಗಸಿಗೇ ಹೇಳಿದೆ. ಆಕೆ ಕೇಳಿಸಿಕೊಂಡು 'ಒಳ್ಳೇದಾಯ್ತು ಬಿಡು' ಎಂದಳು.

ಎಂ.ಎ. ಮುಗಿದು, ಪಿಎಚ್‌ಡಿ ಪ್ರಬಂಧ ಮುಗಿಯುವಷ್ಟರಲ್ಲಿ ವರ್ಷಗಳು ಹೋದವು. ನನ್ನ ವಿಷಯ ಇಷ್ಟೇ: 'ಹಸು' ಎಂದಾಗ ಆ ಪದ ಎಲ್ಲ ಹಸುಗಳಲ್ಲೂ ಇರುವ ಒಂದೇ ಹಸುತನವನ್ನು ಹೇಳುತ್ತದೆಯೋ, ಅಥವಾ ಜಗತ್ತಿನಲ್ಲಿರುವುದು ಬಿಡಿ ಬಿಡಿ ಹಸುಗಳು ಮಾತ್ರವೋ. ಆ ಸನ್ಯಾಸಿಗಳು ಇದರ ಮೇಲೆ ನೂರಾರು ವರ್ಷ ಜಗಳವಾಡಿದ್ದಾರೆ. ನಾನು ಬಿಡಿ ಹಸುಗಳ ಪಕ್ಷ.

ವೈವಾ ದಿನ ಅಮ್ಮ ಬೆಳಿಗ್ಗೆ ಹಾಲು ಕರೆದು, ಡೇರಿಗೆ ಹಾಕಿ, ರೇಷ್ಮೆ ಸೀರೆ ಉಟ್ಟು ಬಂದಳು. ತಾತ ಅದೇ ಬಿಳಿ ಶರ್ಟಿಗೆ ಇಸ್ತ್ರಿ ಹಾಕಿಸಿದ್ದರು. ಇಬ್ಬರೂ ಕೊನೆಯ ಸಾಲಿನಲ್ಲಿ ಕೂತರು. ಹೊರಗಿನಿಂದ ಬಂದ ಪರೀಕ್ಷಕರು ಈ ವಿಷಯದಲ್ಲಿ ದೊಡ್ಡ ಹೆಸರು. ನನ್ನ ಪ್ರಬಂಧವನ್ನು ಮೇಜಿನ ಮೇಲಿಟ್ಟು ನೇರ ಪ್ರಶ್ನೆಗೆ ಬಂದರು. 'ಎರಡು ಹಸುಗಳಲ್ಲಿ ಸಮಾನವಾದದ್ದು ಏನೂ ಇಲ್ಲ ಅಂತೀರಿ. ಹಾಗಾದರೆ ಎರಡನ್ನೂ ಹಸು ಅಂತ ಕರೆಯೋದಕ್ಕೆ ಆಧಾರ ಏನು?'

ನೀರು ಕುಡಿದು ಹೇಳಿದೆ: 'ಸಾರ್, ಉತ್ತರಕ್ಕೆ ಮೊದಲು ನಿಮ್ಮ ಆಕ್ಷೇಪ ನನಗೆ ಸರಿಯಾಗಿ ತಿಳಿದಿದೆಯಾ ನೋಡ್ತೀನಿ. ಆಧಾರ ವಸ್ತುವಿನಲ್ಲಿ ಇಲ್ಲದಿದ್ದರೆ ಅದು ನಮ್ಮ ಬಾಯಲ್ಲಿ ಮಾತ್ರ ಇದೆ. ಬಾಯಲ್ಲಿ ಮಾತ್ರ ಇದ್ದರೆ ನಾಳೆ ನಾನು ಎಮ್ಮೆಯನ್ನೂ ಹಸು ಅನ್ನಬಹುದು, ಅದು ತಪ್ಪಾಗೋದಿಲ್ಲ. ಆಗ ಯಾವ ವಿಜ್ಞಾನವೂ ನಿಲ್ಲೋದಿಲ್ಲ, ಯಾಕಂದ್ರೆ ಎಲ್ಲ ವಿಜ್ಞಾನವೂ ಜಾತಿಗಳ, ಅಂದ್ರೆ ವರ್ಗಗಳ ಬಗ್ಗೆಯೇ ಮಾತಾಡುತ್ತೆ. ನಿಮ್ಮ ಮಾತು ಇದೇನಾ?'

ಅವರು ಕನ್ನಡಕ ತೆಗೆದರು. 'ವಿಜ್ಞಾನದ ಭಾಗ ನಾನು ಹೇಳಿರಲಿಲ್ಲ. ಆದರೆ ಹೇಳಬೇಕಿತ್ತು. ಹೌದು, ಇದೇ.'

'ಸಮಾನ ಅನ್ನೋದಕ್ಕೆ ಎರಡು ಅರ್ಥ ಇದೆ ಸಾರ್. ಎರಡರಲ್ಲೂ ಸೇರಿಕೊಂಡಿರೋ ಒಂದು ಮೂರನೇ ವಸ್ತು ಅನ್ನೋದಾದ್ರೆ, ಅದನ್ನ ನಾನು ಒಪ್ಪಲ್ಲ. ಒಂದು ಇನ್ನೊಂದನ್ನ ಹೋಲುತ್ತೆ ಅನ್ನೋದಾದ್ರೆ ಒಪ್ತೀನಿ. ಆ ಹೋಲಿಕೆ ನನ್ನ ಬಾಯಲ್ಲಿಲ್ಲ, ಹಸುಗಳಲ್ಲೇ ಇದೆ. ನಮ್ಮ ಅಮ್ಮನ ಕೊಟ್ಟಿಗೇಲಿ ಎರಡು ಹಸು ಇವೆ. ಅವು ಒಂದನ್ನೊಂದು ಹೋಲೋದಕ್ಕೆ ಮೂರನೇದೊಂದು ಬಂದು ನಿಲ್ಲಬೇಕಾಗಿಲ್ಲ. ಎಮ್ಮೆ ಹೋಲೋದಿಲ್ಲ, ಅದಕ್ಕೇ ಅದನ್ನ ಹಸು ಅಂದ್ರೆ ತಪ್ಪು.'

ಅವರು ಇನ್ನೂ ಎರಡು ಸುತ್ತು ಹಿಡಿದರು. ಎರಡು ಸಲವೂ ಮೊದಲು ಅವರ ಮಾತನ್ನೇ ಹೇಳಿ ಆಮೇಲೆ ನನ್ನದನ್ನು ಹೇಳಿದೆ. ಕೊನೆಗೆ ಪೆನ್ನು ಮುಚ್ಚಿ ಕೇಳಿದರು: 'ನಾನು ಇನ್ನೂ ನಿಮ್ಮ ಪಕ್ಷಕ್ಕೆ ಬಂದಿಲ್ಲ. ಆದರೆ ಈ ಕ್ರಮ ಈಗ ಪುಸ್ತಕದಲ್ಲಿ ಮಾತ್ರ ಇದೆ ಅಂದುಕೊಂಡಿದ್ದೆ. ಎಲ್ಲಿ ಕಲಿತಿರಿ?'

'ಕೆಜಿಎಫ್‌ನಲ್ಲಿ ಸಾರ್. ಕೊನೇ ಸಾಲಲ್ಲಿ ಕೂತಿದಾರೆ, ಅವರ ಹತ್ರ.'

ಎಲ್ಲರೂ ಹಿಂದಕ್ಕೆ ತಿರುಗಿದರು. ತಾತ ಮೆಲ್ಲಗೆ ಎದ್ದು ನಿಂತರು. ಪರೀಕ್ಷಕರು ಲ್ಯಾಟಿನ್ನಿನಲ್ಲಿ, ತಾವು ಎಷ್ಟು ವರ್ಷ ಓದಿದಿರಿ ಎಂದು ಕೇಳಿದರು. ತಾತ ಲ್ಯಾಟಿನ್ನಿನಲ್ಲೇ, ಒಂದು ವಿಭಕ್ತಿಯೂ ತಪ್ಪದಂತೆ ಉತ್ತರಿಸಿದರು: ಮೂರು ವರ್ಷ ಓದಿದೆ, ಉಳಿದ ವರ್ಷಗಳೆಲ್ಲ ಮರೆಯದಂತೆ ನೋಡಿಕೊಂಡೆ. ಸಭೆಯಲ್ಲಿ ಆ ವಾಕ್ಯ ಅರ್ಥವಾದವರು ಮೂರೇ ಜನ ಇದ್ದಿರಬೇಕು. ಪರೀಕ್ಷಕರು ವೇದಿಕೆಯಿಂದಿಳಿದು ಹೋಗಿ ಅವರ ಕೈ ಹಿಡಿದುಕೊಂಡರು. ನನ್ನ ಹೆಸರಿನ ಹಿಂದೆ ಡಾಕ್ಟರ್ ಸೇರಿದ ಆ ದಿನ ನನಗೆ ಹೆಚ್ಚು ಹೆಮ್ಮೆ ತಂದದ್ದು ಆ ನಿಮಿಷ.

ಸಂಜೆಯ ರೈಲು ವೈಟ್‌ಫೀಲ್ಡ್ ದಾಟಿತು. ಅಮ್ಮ ಕೇಳಿದಳು, 'ಅಲ್ಲ ಕಣಮ್ಮಿ, ಎರಡು ಅಸಾನೂ ಒಂದೇ ಥರಾ ಅಂತ ಯಾಕ್ ಏಳ್ದೆ? ಒಂದು ಒದೀತದೆ, ಇನ್ನೊಂದು ಒದೆಯಾಕಿಲ್ಲ. ಒಂದಕ್ಕೆ ಬೂಸಾ ಬೇಕು, ಇನ್ನೊಂದು ಮೂಸೂ ನೋಡಾಕಿಲ್ಲ. ನೀನೇನು ಕರಿತೀಯಾ ಅವನ್ನ?'

ತಾತ ನಗುತ್ತ ನನ್ನ ಕಡೆ ಬೆರಳು ತೋರಿಸಿದರು. 'ಅಮ್ಮ ಆಕ್ಷೇಪ ಎತ್ತಿದಾರೆ. ಸರಿಯಾಗಿ ತಿರುಗಿಸಿ ಹೇಳು.'

ಹೇಳಿದೆ. 'ಅಂಗಲ್ಲ' ಎಂದಳು ಅಮ್ಮ. ಇನ್ನೊಮ್ಮೆ ಹೇಳಿದೆ. ಟೇಕಲ್ ಸ್ಟೇಷನ್ ಬಂದರೂ ಒಪ್ಪಲಿಲ್ಲ. ಬಂಗಾರಪೇಟೆಯಲ್ಲಿ ಇಳಿಯುವಾಗ, 'ಊಂ, ಈಗ ಸರೀಗದೆ. ಆದ್ರೂ ನೀನ್ ಏಳಿದ್ದು ತಪ್ಪೇ,' ಎಂದಳು. ತಾತ ಕಿಟಕಿಯಿಂದ ಕೈ ಬೀಸಿ ಮಾರಿಕುಪ್ಪಂಗೆ ಹೋದರು.

ಈಗ ನಾನು ಇಲ್ಲೇ ನಮ್ಮ ಕಡೆಯ ಕಾಲೇಜೊಂದರಲ್ಲಿ ತರ್ಕ ಹೇಳಿಕೊಡುತ್ತೇನೆ. ಈ ವರ್ಷ ಬೆಂಚು ಸಾಲದೆ ಪಕ್ಕದ ಕೋಣೆಯಿಂದ ತರಬೇಕಾಯಿತು. ಹೋದ ತಿಂಗಳು ವಿದ್ಯಾರ್ಥಿಗಳೇ ಬಹಿರಂಗ ವಾದವೊಂದನ್ನು ಏರ್ಪಡಿಸಿದ್ದರು. ದೇವರು ತನ್ನ ಕೈಯಲ್ಲಿ ಎತ್ತಲಾಗದ ಕಲ್ಲನ್ನು ಮಾಡಬಲ್ಲನೇ ಎನ್ನುವುದು ಪ್ರಶ್ನೆ. ಬೇತಮಂಗಲದಿಂದ ಬಸ್ಸಿನಲ್ಲಿ ಬರುವ ಹುಡುಗಿಯೊಬ್ಬಳು ತನ್ನೂರಿನ ಮಾತಿನಲ್ಲೇ ಮುಕ್ಕಾಲು ಗಂಟೆ ನಿಂತು ವಾದಿಸಿದಳು. ಎದುರಾಳಿಯಾಗಿ ನಾನಿದ್ದೆ. ಅವಳ ಮೂರನೆಯ ಹೇತುವಿಗೆ ನನ್ನ ಬಳಿ ಉತ್ತರವಿರಲಿಲ್ಲ. ಎಲ್ಲರ ಮುಂದೆ ಹಾಗೆಂದು ಹೇಳಿ ಕೂತುಕೊಂಡೆ. ಅವಳಿಗೆ ನಂಬಲಾಗಲಿಲ್ಲ. ಮುಂದಿನ ಬೆಂಚಿನವರು ಮೊದಲು ಚಪ್ಪಾಳೆ ತಟ್ಟಿದರು, ಆಮೇಲೆ ಇಡೀ ಕೋಣೆ ತಟ್ಟಿತು.