ಉಸಿರು ಹಿಡಿಸುವವನು

ಆಸ್ಪತ್ರೆಯ ಸ್ಕ್ಯಾನ್ ವಿಭಾಗದಲ್ಲಿ ಆ ಟೆಕ್ನಿಷಿಯನ್‌ಗೆ ಹವಾಲ್ದಾರ ಎಂದೇ ಹೆಸರು. ಆರು ವರ್ಷ ಸಿಟಿ ಯಂತ್ರದ ಮುಂದೆ ಕೂತು ಮೈಕಿನಲ್ಲಿ "ಉಸಿರು ಎಳ್ಕೊಳ್ಳಿ! ಹಿಡ್ಕೊಳ್ಳಿ!" ಎಂದು ಗುಡುಗಿದ ಗಂಟಲು. ಮನೆಯಲ್ಲಿ ಬೆಕ್ಕೂ ಅವನ ಮಾತಿಗೆ ಕಿವಿಗೊಡದು. ಇಲ್ಲಿ ಮಾತ್ರ ಅವನು "ಬಿಡಿ" ಎನ್ನದೆ ಯಾರೂ ಉಸಿರಾಡರು. ಇಷ್ಟು ಅಧಿಕಾರ ಸಿಕ್ಕರೆ ಯಾರ ತಲೆ ನೆಟ್ಟಗಿರುತ್ತದೆ?

ಈಚೆಗೆ ಅವನನ್ನು ಜೋಡಿ ಸ್ಕ್ಯಾನಿಗೆ ಹಾಕಿದ್ದರು. ಮೊದಲು ಸಿಟಿ ಕೆಲವೇ ಸೆಕೆಂಡಿನಲ್ಲಿ ಅಂಗಾಂಗಗಳ ಚಿತ್ರ ತೆಗೆಯುತ್ತದೆ. ಆಮೇಲೆ ಪೆಟ್ ಇಪ್ಪತ್ತು ನಿಮಿಷ ಹಿಡಿದು, ರೋಗವಿದ್ದಲ್ಲಿ ಹೊಳೆಯುವ ಚುಕ್ಕೆ ತೋರಿಸುತ್ತದೆ. ಒಂದರ ಮೇಲೊಂದನ್ನು ಕೂರಿಸಿದರೆ ಚುಕ್ಕೆ ಯಾವ ಅಂಗದಲ್ಲಿದೆ ಎಂಬುದು ಗೊತ್ತಾಗುತ್ತದೆ.

ಅಂದು ಬಂದವಳು ಬಟ್ಟೆ ಹೊಲಿಯುವ ಹೆಂಗಸು. ಕರುಳಿನ ಕ್ಯಾನ್ಸರ್ ಲಿವರಿಗೆ ಮಾತ್ರ ಹಬ್ಬಿದ್ದರೆ ಕತ್ತರಿಸಿ ತೆಗೆಯಬಹುದು, ಶ್ವಾಸಕೋಶಕ್ಕೂ ಹೋಗಿದ್ದರೆ ಆಪರೇಷನ್ನೇ ಇಲ್ಲ ಎಂದು ಸರ್ಜನ್ ಹೇಳಿದ್ದರು.

ಚುಕ್ಕೆ ಶ್ವಾಸಕೋಶದಲ್ಲೇ ಕೂತಿತ್ತು.

"ವಿಚಿತ್ರ," ಎಂದರು ಸ್ಕ್ಯಾನ್ ಚಿತ್ರ ನೋಡುವ ಡಾಕ್ಟರಮ್ಮ. "ಸಿಟಿಯಲ್ಲಿ ಅಲ್ಲಿ ಗಡ್ಡೆಯೇ ಇಲ್ವಲ್ಲ?"

"ಯಂತ್ರ ಕೆಟ್ಟಿರ್ಬೇಕು ಮೇಡಂ. ಇಂಜಿನಿಯರ್‌ನ ಕರೆಸಿಬಿಡೋಣ," ಎಂದ ಹವಾಲ್ದಾರ, ಪಂಡಿತನ ಗತ್ತಿನಲ್ಲಿ.

"ಸಿಟಿ ತೆಗೆಯೋವಾಗ ಉಸಿರು ಹಿಡಿಸಿದ್ರಾ?"

"ಹಿಡಿಸದೆ ಇರ್ತೀನಾ ಮೇಡಂ? ಎದೆ ತುಂಬಾ!"

"ಹಾಗಾದ್ರೆ ಕೆಟ್ಟಿರೋದು ಯಂತ್ರ ಅಲ್ಲ ಬಿಡಿ. ಎದೆ ತುಂಬಿದ್ರೆ ಲಿವರ್ ಕೆಳಗಿಳಿಯುತ್ತೆ. ಪೆಟ್‌ನ ಇಪ್ಪತ್ತು ನಿಮಿಷ ಅವರು ಆರಾಮಾಗಿ ಉಸಿರಾಡಿದ್ದಾರೆ. ಎರಡೂ ಹೇಗ್ರೀ ತಾಳೆಯಾಗುತ್ತೆ? ಲಿವರಿನ ಚುಕ್ಕೆಯೇ ಶ್ವಾಸಕೋಶದ ಮೇಲೆ ಬಿದ್ದಿರಬಹುದು. ಆ ಭಾಗ ಮತ್ತೆ ತೆಗೀರಿ."

ತಪ್ಪನ್ನು ಯಂತ್ರದ ಮೇಲೆ ಹಾಕಿ ಕೈತೊಳೆದುಕೊಳ್ಳೋಣ ಎಂದುಕೊಂಡೇ ಹೊರಬಂದ. ಹೊರಗೆ ಕಾದಿದ್ದ ಹೊಲಿಗೆಯವಳ ಮುಖ ನೋಡಿದ ಮೇಲೆ ಸುಳ್ಳು ಬಾಯಿಗೆ ಬರಲಿಲ್ಲ.

"ಅಮ್ಮಾ, ಚಿತ್ರ ಸರಿಯಾಗಿ ಕೂರ್ಲಿಲ್ಲ, ಇನ್ನೊಂದ್ಸಲ ತೆಗೀಬೇಕು. ನಂದೇ ತಪ್ಪು. ಉಸಿರು ಹಿಡ್ಕೊಳ್ಳಿ ಅನ್ಬಾರದಿತ್ತು."

"ಅಯ್ಯೋ ಮಗಾ, ಅಳತೆ ಕೊಡೋವಾಗ ಹೊಟ್ಟೆ ಒಳಗೆಳ್ಕೊಂಡವರ ಬಟ್ಟೆ ಯಾವತ್ತಾದ್ರೂ ಸರಿಯಾಗಿ ಕೂತಿದ್ಯಾ? ನನ್ನ ಕೇಳಿದ್ರೆ ಹೇಳ್ತಿದ್ನಲ್ಲೋ!"

ಆರು ವರ್ಷದ ವಿದ್ಯೆಯನ್ನು ಅವಳು ಒಂದೇ ಮಾತಿನಲ್ಲಿ ಕತ್ತರಿಸಿ ಬಿಸಾಡಿದಳು.

ಎರಡನೇ ಸಲ ಅವನು "ಸುಮ್ನೆ ಮಾಮೂಲಿಯಾಗಿ ಉಸಿರಾಡ್ತಿರಿ" ಎಂದಷ್ಟೇ ಹೇಳಿ, ಬಾಯಿ ಹೊಲಿದುಕೊಂಡವನಂತೆ ಕೂತ. ಚಿತ್ರಗಳು ಒಂದರ ಮೇಲೊಂದು ಕೂತವು. ಚುಕ್ಕೆ ಲಿವರಿನ ನೆತ್ತಿಯಲ್ಲಿತ್ತು. ಶ್ವಾಸಕೋಶ ಶುದ್ಧ. ಡಾಕ್ಟರಮ್ಮ ಆಗಲೇ ಸರ್ಜನ್‌ಗೆ ಫೋನ್ ಹಚ್ಚಿದ್ದರು.

ಫಲಿತಾಂಶದ ಬಗ್ಗೆ ಟೆಕ್ನಿಷಿಯನ್ ಬಾಯಿಬಿಡುವಂತಿಲ್ಲ. ಅವನು ಮುಖ ಗಂಟಿಕ್ಕಿಕೊಂಡು, ಆದಷ್ಟು ಗಂಭೀರವಾಗಿ ಹೊರಬಂದ.

"ಡಾಕ್ಟರ್ ಹೇಳ್ತಾರಮ್ಮ."

"ಹೇಳ್ಲಿ ಬಿಡು. ಹಲ್ಲಷ್ಟೂ ಕಾಣ್ತಿದೆ ನಿಂದು," ಎಂದು ಅವಳು ಚೀಲದಿಂದ ಫೋನ್ ತೆಗೆದು ಮಗಳಿಗೆ ಹಚ್ಚಿದಳು. "ಏನೇ, ಹೊಲಿಗೆ ಅಂಗಡೀಲಿ ಒಂದು ತಿಂಗಳು ನೀನೇ ಕೂರ್ಬೇಕಾಗುತ್ತೆ ಕಣೇ."