ಟವೆಲಿನ ಕೆಳಗಿನ ಶಬ್ದ

ಅಫಜಲಪುರದ ದನದ ಸಂತೆಯಲ್ಲಿ ಎತ್ತನ್ನು ಟೆಂಪೋಕ್ಕೆ ಹತ್ತಿಸುವಾಗ ಜಾರಿ ಬಿದ್ದು ನನ್ನ ಕಾಲು ಮುರಿಯಿತು. ಆರು ವಾರ ಪ್ಲಾಸ್ಟರು. ಆಳಂದ, ಜೇವರ್ಗಿ ಎಂದು ಸಂತೆ ಸುತ್ತಿ, ಬರಿಗೈಯಿಂದ ದಲಾಲಿ ಕಟ್ಟಿದವನು ನಾನು. ಈಗ ಹೊರಸಿನ ಮೇಲೆ ಬಿದ್ದು ಮಾಡಿನ ತಗಡಿನ ಮೊಳೆ ಎಣಿಸುವ ಕೆಲಸ.

ನನ್ನ ಜೊತೆ ಇನ್ನೊಬ್ಬಳು ಸಿಕ್ಕಿಬಿದ್ದಳು: ಎರಡನೆಯ ತರಗತಿಯ ಮೊಮ್ಮಗಳು. ಮನೆಯಲ್ಲಿ ನಮ್ಮದು ಉರ್ದು. ಓಣಿಯ ಕನ್ನಡ ಅವಳಿಗೆ ಬರುತ್ತಿತ್ತು, ಪುಸ್ತಕದ ಶಬ್ದ ಬರುತ್ತಿರಲಿಲ್ಲ. ಹೀಗೇ ಆದರೆ ಮತ್ತೆ ಒಂದನೆಯ ತರಗತಿಯಲ್ಲಿ ಕೂರಿಸುತ್ತೇನೆಂದು ಟೀಚರ್ ಹೇಳಿ ಕಳಿಸಿದ್ದರು. ಶಾಲೆ ಬಿಟ್ಟ ಮೇಲೆ ಅವಳು ಆಟಕ್ಕೆ ಹೋಗುವಂತಿಲ್ಲ, ನನ್ನ ಬಳಿ ಕೂತು ಕಲಿಯಬೇಕು. ಇದು ಸೊಸೆಯ ಹುಕುಂ.

ಕಲಿಸುವುದೇನು ಮಹಾ ಎಂದುಕೊಂಡು, ಶಬ್ದಕ್ಕೆ ಐದು ಶೇಂಗಾ ಎಂದು ದರ ಕಟ್ಟಿದೆ. ಮೊದಲ ದಿನ ಹನ್ನೆರಡು ಶಬ್ದ ಬಂದವು. ಮೂರನೆಯ ದಿನ ತುಟಿ ಬಿಗಿದು ಕೂತಳು.

"ಯಾಕ ಬೇ, ಮರ್ತಿಯೇನ?"

"ನೆನಪೈತಿ ದಾದಾ. ಐದಕ್ಕ ಬರಂಗಿಲ್ಲ, ಎಂಟು ಕೊಡು."

ನನ್ನದೇ ರಕ್ತ. ನಕ್ಕು ಎಂಟು ಕೊಟ್ಟೆ. ಕೆಟ್ಟದ್ದು ಅಲ್ಲೇ.

ಶನಿವಾರ ಮಧ್ಯಾಹ್ನ ಟೀಚರೇ ಮನೆಗೆ ಬಂದರು. ಕಿಟಕಿ ತೋರಿಸಿ, "ಇದೇನು, ಹೇಳು" ಅಂದರು.

"ಏನ್ ಕೊಡ್ತೀರಿ?" ಅಂದಳು ಮೊಮ್ಮಗಳು.

"ನೋಡ್ರಿ ಅಜ್ಜಾರ, ಶಾಲ್ಯಾಗೂ ಹಿಂಗೇ ಕೈ ಚಾಚಾಕತ್ತಾಳ. ನಾ ಏನ್ ಸಂತಿ ಹಚ್ಚೇನೇನ್ರಿ? ಸೋಮಾರದಿಂದ ಒಂದನೆತ್ತಾಗ ಕೂಡಸ್ತೇನಿ."

ಎದ್ದು ಹೋಗೋಣವೆಂದರೆ ಕಾಲು ಕಲ್ಲು. ಗೋಡೆಗೆ ಹೊರಳಲೂ ಆಗದು. ಮಲಗಿದಲ್ಲೇ ಚೌಕಾಸಿಗಿಳಿದೆ. "ಹದಿನೈದು ದಿನ ವಾಯಿದೆ ಕೊಡ್ರಿ."

"ಆಗಂಗಿಲ್ರಿ."

"ಎಂಟು?"

ಬುಧವಾರ ಶಾಲೆಯಲ್ಲಿ ಮತ್ತೊಮ್ಮೆ ಕೇಳಿ ನೋಡುತ್ತೇನೆ ಅಂದರು. ಅಲ್ಲಿಗೆ ಮುಗಿಯಿತು ವ್ಯವಹಾರ.

ಹೊಳೆದದ್ದು ಆ ಸಂಜೆ. ನಮ್ಮ ಸಂತೆಯಲ್ಲಿ ದನದ ದರ ಬಾಯಿಬಿಟ್ಟು ಹೇಳುವುದಿಲ್ಲ, ಟವೆಲಿನ ಕೆಳಗೆ ಬೆರಳು ಹಿಡಿದು ತಿಳಿಸುತ್ತೇವೆ. ಒಳಗೇನು ನಡೆದಿದೆ ಎಂಬ ಕುತೂಹಲಕ್ಕೆ ಸುತ್ತ ನಿಂತವರ ಜೀವ ಹೋಗುತ್ತಿರುತ್ತದೆ. ಟವೆಲಿನ ಕೆಳಗೆ ಹಗ್ಗದ ತುಂಡು ಇಟ್ಟು ಅವಳ ಕೈಯನ್ನು ಒಳಗೆಳೆದೆ. ನೋಡುವಂತಿಲ್ಲ. ಮುಟ್ಟಿ, ಹೇಗಿದೆ ಹೇಳಬೇಕು, ಆಮೇಲೆ ಹೆಸರು.

"ಒರಟು ಐತಿ. ಉದ್ದ ಐತಿ. ಹಗ್ಗ." ಶೇಂಗಾ ಕೇಳಲಿಲ್ಲ. "ಇನ್ನೊಂದು ಇಡು ದಾದಾ."

ಹೊರಸಿನಿಂದ ಕೈಗೆಟಕುವ ಸಾಮಾನು ಮುಗಿದವು. ಆಗ ಅವಳೇ ತಂದು ಅಡಗಿಸಿದಳು, ನಾನು ಹೇಳಬೇಕಾಯಿತು. ನಾನು ಬೇಕೆಂದೇ ತಪ್ಪಿದಾಗ ಅವಳು ತಿದ್ದಿದಳು. ತಂಪು, ನುಣುಪು, ಮೊನಚು: ಪುಸ್ತಕದ ಶಬ್ದಗಳೆಲ್ಲ ಅವಳ ಬಾಯಿಂದ ಹೊರಬಂದವು.

ನನ್ನ ಮಾತು ಕೇಳಿ, ಮಕ್ಕಳ ಶಬ್ದಕ್ಕೆ ದರ ಕಟ್ಟಬೇಡಿ. ಕಟ್ಟಿದ ದಿನವೇ ನೀವು ಅವರ ಕೈಗೆ ಸಿಕ್ಕಿರಿ. ಒಮ್ಮೆಗೆ ನಾಲ್ಕೈದು ಸಾಮಾನು ಸಾಕು. ನಡುನಡುವೆ ನೀವೂ ಸೋಲಿ.

ಬುಧವಾರ ಬೆಳಗಿನಿಂದ ಬಾಗಿಲನ್ನೇ ನೋಡುತ್ತ ಬಿದ್ದಿದ್ದೆ. ಸಂಜೆ ಬಂದಳು.

"ಟೀಚರ್ ಕೇಳಿದ್ರೇನ?"

"ಹೂಂ. ಸೆರಗಿನ ಕೆಳಗ ಇಟ್ಟು ಕೇಳ್ರಿ ಅಂದೆ. ಇಟ್ರು. ಎಲ್ಲಾ ಹೇಳ್ದೆ."

"ಎಲ್ಲಿ ಕೂಡ್ಸ್ಯಾರ?"

"ಎರಡನೆತ್ತಾಗೇ."

ಪಾಟಿಚೀಲ ಒಗೆದು ಓಣಿಗೆ ಓಡಿದಳು. ಕರೆದೆ, ತಿರುಗಿ ನೋಡಲಿಲ್ಲ. ನನ್ನ ಪ್ಲಾಸ್ಟರು ಬಿಚ್ಚಲು ಇನ್ನೂ ಮೂರು ವಾರವಿತ್ತು.